ಪಠ್ಯ ಬದಲಾಯಿತು, ಪಾಠ ಬದಲಾಯಿತೇ?

2022ರಲ್ಲಿ ಒಮ್ಮೆ, 2023ರಲ್ಲಿ ಇನ್ನೊಮ್ಮೆ ರಾಜ್ಯದ ಸಮಾಜ ವಿಜ್ಞಾನ ಪಠ್ಯ ಪರಿಷ್ಕರಣೆಯಾಯಿತು. ಯಾರ ಪಾಠ ಉಳಿಯಬೇಕು, ಯಾರದು ಹೋಗಬೇಕು ಎಂಬ ಜಗಳದಲ್ಲಿ ತರಗತಿಯೊಳಗೆ ಇಣುಕಿ ನೋಡಿದವರು ಕಡಿಮೆ. ಅಲ್ಲಿ ಇತಿಹಾಸವೆಂದರೆ ಇಂದಿಗೂ ಹೆಚ್ಚಾಗಿ ಇಸವಿ, ಹೆಸರುಗಳ ಬಾಯಿಪಾಠ. ಮಹಾವೀರರ ಜನ್ಮಸ್ಥಳ, ತ್ರಿರತ್ನ, ಪಂಚವ್ರತ ಬರೆದರೆ ಅಂಕ ಬಂತು. ಜೈನರ ಕಥೆ ಅಲ್ಲಿಗೆ ಮುಗಿಯಿತು.

ಶ್ರವಣಬೆಳಗೊಳದಲ್ಲಿರುವ ಬುಕ್ಕರಾಯನ 1368ರ ಶಾಸನವನ್ನೇ ನೋಡಿ. ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯ ಬಂದಾಗ ಎರಡೂ ದರ್ಶನಗಳಲ್ಲಿ ಭೇದವಿಲ್ಲವೆಂದು ಅರಸ ತೀರ್ಪಿತ್ತ. ಬರೀ ಮಾತಲ್ಲ, ಲೆಕ್ಕವೂ ಇದೆ: ಜೈನರ ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣ, ಅದರಿಂದ ಬೆಳಗೊಳದ ದೇವರಿಗೆ 20 ಮಂದಿ ಕಾವಲಿನವರು, ಉಳಿದದ್ದರಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ. ಕಾವಲಿನವರನ್ನು ನೇಮಿಸುವ ಹೊಣೆ ತಿರುಮಲೆಯ ತಾತಯ್ಯನದು, ಅಂದರೆ ಎದುರು ಪಕ್ಷದವರದೇ! ದೂರು ಕೊಟ್ಟವರಾರು, ಹಣ ತೆತ್ತವರಾರು, ಹೊಣೆ ಇವರಿಗೇ ಏಕೆ ಬಂತು ಎಂದು ಮಕ್ಕಳನ್ನು ಕೇಳಿದರೆ ಒಂದು ಪೀರಿಯಡ್ ಸಾಲದು. ಇಸವಿ ತಾನಾಗಿಯೇ ನೆನಪಿನಲ್ಲಿ ಉಳಿಯುತ್ತದೆ.

ಎಸ್ಸೆಸ್ಸೆಲ್ಸಿ ಸಮಾಜ ವಿಜ್ಞಾನದಲ್ಲಿ 20 ಅಂಕ ಆಂತರಿಕ ಮೌಲ್ಯಮಾಪನಕ್ಕಿದೆ. ಎಷ್ಟೋ ಕಡೆ ಅದು ಚಾರ್ಟಿಗೆ ಚಿತ್ರ ಅಂಟಿಸುವುದರಲ್ಲೇ ತೀರಿಹೋಗುತ್ತದೆ. ಊರಿನದೇ ಒಂದು ಶಾಸನ ಓದಿಸಲು ಅಷ್ಟು ಅಂಕ ಸಾಕಷ್ಟಾಯಿತು. ಅನೇಕ ಊರುಗಳಲ್ಲಿ ಬಸದಿಯ ಬೀಗದ ಕೈ ಸಮಾಜದವರ ಬಳಿಯೇ ಇದೆ. ಶನಿವಾರ ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಅವರು ಯಾವ ಮತದವರಾದರೂ ಸರಿ, ಬಾಗಿಲು ತೆಗೆದು ಶಾಸನದ ಕಲ್ಲು ತೋರಿಸಲು ಯಾವ ಪರಿಷ್ಕರಣಾ ಸಮಿತಿಯ ಅಪ್ಪಣೆಯೂ ಬೇಕಿಲ್ಲ.