ರಾತ್ರಿ ದೀಪ ಹಿಡಿದು ಮೀನು ಹೊಡೆಯೋರೆಲ್ಲ ಕಳ್ಳರಲ್ಲ ಸ್ವಾಮಿ!

ಅಮೆರಿಕದ ವಿಸ್ಕಾನ್ಸಿನ್, ಮಿನಿಸೋಟ ಕಡೆ ಇರುವ ನಮ್ಮ ಕನ್ನಡದವರಲ್ಲಿ ಮೀನು ಹಿಡಿಯುವ ಹುಚ್ಚು ಹತ್ತಿಸಿಕೊಂಡವರು ಒಂದಷ್ಟು ಜನ ಇದ್ದಾರೆ. ಒಳ್ಳೆಯ ಹುಚ್ಚೇ, ತಪ್ಪೇನಿಲ್ಲ. ಆದರೆ ಗಾಳ, ರೀಲಿನ ಜೊತೆಗೆ ಅಲ್ಲಿನ ಬಿಳಿಯರ ಒಂದು ಹಳೇ ಗೊಣಗಾಟವನ್ನೂ ಕಲಿತುಬಿಟ್ಟಿದ್ದಾರೆ. ಅದನ್ನ ಕೇಳಿ ಕೇಳಿ ನನಗೆ ಸಾಕಾಗಿದೆ. ಗೊಣಗಾಟ ಹೀಗಿರುತ್ತೆ:

"ನಾವು ದುಡ್ಡು ಕೊಟ್ಟು ಲೈಸೆನ್ಸ್ ತಗೊಂಡು, ಮೇ ತಿಂಗಳು ಬರೋವರೆಗೆ ಕಾದು, ದಿನಕ್ಕೆ ಇಷ್ಟೇ ಮೀನು ಅಂತ ರೂಲ್ಸ್ ಪಾಲಿಸ್ತೀವಿ. ಈ ನೇಟಿವ್ ಜನ ಏಪ್ರಿಲಲ್ಲೇ ರಾತ್ರಿ ಲೈಟ್ ಬಿಟ್ಟುಕೊಂಡು ಬಂದು, ಮೊಟ್ಟೆ ಇಡೋಕೆ ದಡಕ್ಕೆ ಬಂದ ವಾಲೈ ಮೀನನ್ನ ಈಟಿಯಲ್ಲಿ ಚುಚ್ಚಿ ಒಯ್ತಾರೆ. ಅವರಿಗೆ ಮಾತ್ರ ಸ್ಪೆಷಲ್ ರೂಲು. ಕೆರೆ ಖಾಲಿಯಾಗದೆ ಇನ್ನೇನಾಗುತ್ತೆ?"

ಕೇಳೋಕೆ ನ್ಯಾಯವಾಗಿಯೇ ಇದೆ ಅಲ್ವಾ? ಇದರಲ್ಲಿ ಎಷ್ಟು ನಿಜ, ಎಷ್ಟು ಹೊಟ್ಟೆಯುರಿ ಅಂತ ಬಿಡಿಸಿ ಹೇಳೋಣ ಅಂತಲೇ ಈ ಬರಹ.

ಮೊದಲು ಮೀನಿನ ವಿಷಯ. ವಾಲೈ ಉತ್ತರ ಅಮೆರಿಕದ ಸಿಹಿನೀರಿನ ಮೀನು. ಮಿನಿಸೋಟ 1965ರಲ್ಲಿ ಇದನ್ನ ತನ್ನ ರಾಜ್ಯದ ಮೀನು ಅಂತ ಘೋಷಿಸಿಕೊಂಡಿದೆ. ಇದರ ಬದುಕೆಲ್ಲ ಕತ್ತಲಲ್ಲೇ. ಕಣ್ಣಿನ ಹಿಂದೆ ಬೆಳಕನ್ನ ವಾಪಸ್ ಎಸೆಯುವ ಒಂದು ಪದರ ಇದೆ. ರಾತ್ರಿ ಗಾಡಿಯ ಹೆಡ್‌ಲೈಟಿಗೆ ಬೆಕ್ಕಿನ, ದನದ ಕಣ್ಣು ಹೊಳೆಯುತ್ತಲ್ಲ, ಅದೇ ಥರ. ಮಬ್ಬು ಬೆಳಕಿನಲ್ಲಿ ವಾಲೈಗೆ ಕಾಣುತ್ತೆ, ಅದು ತಿನ್ನುವ ಪರ್ಚ್ ಮೀನಿಗೆ ಅಷ್ಟು ಕಾಣಲ್ಲ. ಹಾಗಾಗಿ ಹಗಲು ಆಳದಲ್ಲಿದ್ದು ಕತ್ತಲಾದ ಮೇಲೆ ಬೇಟೆಗೆ ಹೊರಡುತ್ತೆ. ವಸಂತದಲ್ಲಿ ಕೆರೆಯ ಮಂಜುಗಡ್ಡೆ ಕರಗಿದ ಕೂಡಲೇ ಕಲ್ಲು ಜಲ್ಲಿ ಇರುವ ತೆಳುನೀರಿಗೆ ಬಂದು, ಅದೂ ರಾತ್ರಿಯೇ, ಮೊಟ್ಟೆ ಇಡುತ್ತೆ. ಅಂದರೆ ಈ ಮೀನನ್ನ ಹಿಡಿಯೋಕೆ ರಾತ್ರಿಯೇ ಸರಿಯಾದ ಹೊತ್ತು. ಬುಡಕಟ್ಟಿನವನಿಗೂ ಅಷ್ಟೇ, ಬಿಳಿಯನಿಗೂ ಅಷ್ಟೇ, ನಮ್ಮ ಸಾಫ್ಟ್‌ವೇರ್ ಅಣ್ಣನಿಗೂ ಅಷ್ಟೇ.

ಇದನ್ನ ಒಜಿಬ್ವೆ ಜನ (ಚಿಪ್ಪೆವಾ ಅಂತಲೂ ಕರೀತಾರೆ) ತಲೆಮಾರುಗಳಿಂದ ಬಲ್ಲರು. ಮರದ ತೊಗಟೆಯ ದೋಣಿ, ಅದರ ಮುಂದೆ ಉರಿಯುವ ದೊಂದಿ, ಕೈಯಲ್ಲಿ ಈಟಿ. ದೊಂದಿಯ ಬೆಳಕು ಬಿದ್ದಲ್ಲಿ ಮೀನಿನ ಕಣ್ಣು ಕೆಂಡದ ಹಾಗೆ ಹೊಳೆಯೋದು. ವಿಸ್ಕಾನ್ಸಿನ್‌ನ ಉತ್ತರದಲ್ಲಿ ಲ್ಯಾಕ್ ಡು ಫ್ಲಾಂಬೋ ಅನ್ನುವ ಊರಿದೆ. ಫ್ರೆಂಚ್ ಹೆಸರು. ಅರ್ಥ ದೊಂದಿಗಳ ಕೆರೆ! ಫ್ರೆಂಚ್ ವ್ಯಾಪಾರಿಗಳು ರಾತ್ರಿ ಕೆರೆ ತುಂಬ ಬೆಳಕು ನೋಡಿ ಇಟ್ಟ ಹೆಸರು. ಈ ಪದ್ಧತಿಯನ್ನ "ಇತ್ತೀಚೆಗೆ ಶುರುಮಾಡಿಕೊಂಡಿರೋ ಕಳ್ಳಾಟ" ಅನ್ನುವವರು ಮ್ಯಾಪ್ ತೆಗೆದು ಊರಿನ ಹೆಸರನ್ನಾದರೂ ಓದಬೇಕು.

ಇನ್ನು "ಸ್ಪೆಷಲ್ ರೂಲು" ವಿಷಯ. ಇಲ್ಲೇ ನಮ್ಮವರು ಎಡವೋದು. ಅವರ ತಲೆಯಲ್ಲಿ ಇದು ಸರ್ಕಾರ ಪಾಪ ಅಂತ ಕೊಟ್ಟ ರಿಯಾಯಿತಿ. ಅಲ್ಲ ಸ್ವಾಮಿ. ಇದು ಕ್ರಯಪತ್ರದ ಷರತ್ತು.

ನಿಮ್ಮ ಅಜ್ಜ ತೋಟ ಮಾರಿದರು ಅಂತಿಟ್ಟುಕೊಳ್ಳಿ. ಮಾರುವಾಗ "ಜಾಗ ನಿನ್ನದು, ಆದರೆ ಬಾವಿಯ ನೀರು ಸೇದುವ ಹಕ್ಕು, ನಡೆದಾಡುವ ದಾರಿಯ ಹಕ್ಕು ನಮ್ಮ ಮನೆಯವರಿಗೆ ಇರತಕ್ಕದ್ದು" ಅಂತ ಬರೆಸಿದರು. ಕೊಂಡವನು ಸಹಿ ಹಾಕಿದ. ಐವತ್ತು ವರ್ಷ ಆದ ಮೇಲೆ ಕೊಂಡವನ ಮೊಮ್ಮಗ ಬಾವಿಗೆ ಬೇಲಿ ಹಾಕಿ, ನೀರಿಗೆ ಬಂದ ನಿಮ್ಮ ಮೇಲೆ ಕಳ್ಳತನದ ಕೇಸು ಹಾಕಿದರೆ? ಅಲ್ಲಿ ಆಗಿದ್ದು ಇದೇ.

1837ರ ಜುಲೈನಲ್ಲಿ ಒಜಿಬ್ವೆಗಳು ಈಗಿನ ವಿಸ್ಕಾನ್ಸಿನ್, ಮಿನಿಸೋಟಗಳ ದೊಡ್ಡ ಪ್ರದೇಶವನ್ನ ಅಮೆರಿಕ ಸರ್ಕಾರಕ್ಕೆ ಬಿಟ್ಟುಕೊಟ್ಟರು. ಸರ್ಕಾರದ ಕಣ್ಣಿದ್ದದ್ದು ಪೈನ್ ಮರಗಳ ಮೇಲೆ. ಬಿಟ್ಟುಕೊಟ್ಟ ನೆಲದಲ್ಲಿ ಬೇಟೆಯಾಡುವ, ಮೀನು ಹಿಡಿಯುವ, ಕಾಡುಭತ್ತ ಕೊಯ್ಯುವ ಹಕ್ಕನ್ನ ಮಾತ್ರ ಅವರು ಉಳಿಸಿಕೊಂಡರು. 1842ರಲ್ಲಿ ಇನ್ನೊಂದು ಒಪ್ಪಂದ. ಅದರಲ್ಲೂ ಬೇಟೆ, ಮೀನಿನ ಹಕ್ಕು ಉಳಿಯಿತು. ಆಮೇಲೆ ರಾಜ್ಯಗಳು ಹುಟ್ಟಿದವು, ರಾಜ್ಯದ ಕಾನೂನುಗಳು ಬಂದವು, ಅಜ್ಜ ಮುತ್ತಜ್ಜನ ಕಾಲದಿಂದ ಮಾಡುತ್ತಿದ್ದ ಕೆಲಸ ಅಪರಾಧವಾಯಿತು. ತಮ್ಮದೇ ಕೆರೆಯಲ್ಲಿ ಕದ್ದುಮುಚ್ಚಿ ಮೀನು ಹಿಡಿಯಬೇಕಾಯಿತು. ಸಿಕ್ಕಿಬಿದ್ದರೆ ದಂಡ, ಜೈಲು.

1974ರಲ್ಲಿ ಫ್ರೆಡ್ ಮತ್ತು ಮೈಕ್ ಟ್ರಿಬಲ್ ಅನ್ನುವ ಇಬ್ಬರು ಒಜಿಬ್ವೆ ಸಹೋದರರು ಬೇಕೆಂದೇ ತಮ್ಮ ರಿಸರ್ವೇಶನ್ನಿನ ಗಡಿ ದಾಟಿ, ಹಿಮಗಟ್ಟಿದ ಕೆರೆಯಲ್ಲಿ ಈಟಿಯಿಂದ ಮೀನು ಹೊಡೆದು ಕೇಸು ಹಾಕಿಸಿಕೊಂಡರು. ಕೇಸು ನಡೆದೂ ನಡೆದೂ 1983ರಲ್ಲಿ ಫೆಡರಲ್ ಅಪೀಲು ಕೋರ್ಟು ಒಪ್ಪಂದದ ಹಕ್ಕು ಇನ್ನೂ ಜೀವಂತ ಇದೆ ಅಂತ ತೀರ್ಪು ಕೊಟ್ಟಿತು. ಮಿನಿಸೋಟದ್ದು ಬೇರೆ ಕೇಸು. 1837ರ ಪತ್ರದಲ್ಲಿ ಅಧ್ಯಕ್ಷರ ಮರ್ಜಿ ಇರುವವರೆಗೆ ಅನ್ನುವ ಮಾತಿತ್ತು, 1850ರಲ್ಲಿ ಅಧ್ಯಕ್ಷ ಟೇಲರ್ ಹಕ್ಕು ರದ್ದು ಮಾಡಿ ಆದೇಶ ಹೊರಡಿಸಿದ್ದ ಅಂತ ರಾಜ್ಯ ವಾದಿಸಿತು. 1999ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು 5-4ರ ಬಹುಮತದಲ್ಲಿ ಆ ಆದೇಶಕ್ಕೆ ಕಾನೂನಿನ ಬಲವೇ ಇರಲಿಲ್ಲ ಅಂತ ಹೇಳಿ ಹಕ್ಕನ್ನ ಎತ್ತಿಹಿಡಿಯಿತು. ಹೀಗೆ ದೇಶದ ಅತಿ ದೊಡ್ಡ ಕೋರ್ಟೇ ಒಪ್ಪಿದ ಹಕ್ಕು ಇದು. ಇದನ್ನ ನಾವು ಪಾರ್ಟಿಯಲ್ಲಿ ಬಿಯರ್ ಹಿಡಿದುಕೊಂಡು ರದ್ದು ಮಾಡ್ತೀವಿ!

1985ರಿಂದ ವಿಸ್ಕಾನ್ಸಿನ್‌ನಲ್ಲಿ ರಿಸರ್ವೇಶನ್ ಹೊರಗಿನ ಕೆರೆಗಳಲ್ಲೂ ಮತ್ತೆ ದೀಪಗಳು ಕಾಣಿಸಿಕೊಂಡವು. ಆಗ ಏನಾಯಿತು ಗೊತ್ತಾ? ದೋಣಿ ಇಳಿಸುವ ಕಟ್ಟೆಗಳಲ್ಲಿ ರಾತ್ರಿ ನೂರಾರು ಜನ ಸೇರಿ ಅವಾಚ್ಯ ಬೈಗುಳ, ಕಲ್ಲು ತೂರಾಟ. ಮೋಟಾರು ದೋಣಿಯಲ್ಲಿ ಅಲೆ ಎಬ್ಬಿಸಿ ಈಟಿಯವರ ಚಿಕ್ಕ ದೋಣಿ ಮುಳುಗಿಸುವ ಪ್ರಯತ್ನ. "ಮೀನು ಉಳಿಸಿ, ಇಂಡಿಯನ್ನನ್ನು ಚುಚ್ಚಿ" ಅನ್ನುವ ಅರ್ಥದ ಬೋರ್ಡುಗಳು. (ಇಂಡಿಯನ್ ಅಂದರೆ ನಾವಲ್ಲ. ಆದರೆ ಆ ಕಟ್ಟೆಯ ಮೇಲೆ ಆ ರಾತ್ರಿ ನಮ್ಮ ಮುಖ ಕಂಡಿದ್ದರೆ ವ್ಯತ್ಯಾಸ ವಿಚಾರಿಸುವಷ್ಟು ತಾಳ್ಮೆ ಅವರಿಗೆ ಇರುತ್ತಿತ್ತಾ ಅಂತ ಯೋಚಿಸಿ.) ಕೊನೆಗೆ 1991ರಲ್ಲಿ ನ್ಯಾಯಾಧೀಶೆ ಬಾರ್ಬರಾ ಕ್ರ್ಯಾಬ್ ಈ ಕಿರುಕುಳಕ್ಕೆ ತಡೆಯಾಜ್ಞೆ ಕೊಡಬೇಕಾಯಿತು. ನಮ್ಮವರು ಇವತ್ತು ಮುಗ್ಧವಾಗಿ ಒಪ್ಪಿಸುವ "ಕೆರೆ ಖಾಲಿ ಮಾಡ್ತಾರೆ" ಅನ್ನುವ ಗಿಣಿಪಾಠ ಆ ಕಟ್ಟೆಗಳಲ್ಲಿ ಕೂಗಿದ್ದ ಮಾತೇ.

ಸರಿ, ಹಕ್ಕು ಇದೆ, ಆದರೆ ಮೀನು ಉಳಿಯಬೇಡವಾ ಅಂತ ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ. ಉತ್ತರ ಕೇಳಿದರೆ ನಿಮಗೆ ಆಶ್ಚರ್ಯ ಆಗುತ್ತೆ.

ಬುಡಕಟ್ಟುಗಳು 1984ರಲ್ಲೇ ಸೇರಿ ಗ್ರೇಟ್ ಲೇಕ್ಸ್ ಇಂಡಿಯನ್ ಫಿಶ್ ಅಂಡ್ ವೈಲ್ಡ್‌ಲೈಫ್ ಕಮಿಷನ್ ಅಂತ ಸಂಸ್ಥೆ ಕಟ್ಟಿಕೊಂಡಿವೆ. ಅವರದೇ ಜೀವಶಾಸ್ತ್ರಜ್ಞರು, ಅವರದೇ ವಾರ್ಡನ್‌ಗಳು. ವಿಸ್ಕಾನ್ಸಿನ್‌ನಲ್ಲಿ ಪ್ರತಿ ಕೆರೆಗೂ ಇಷ್ಟು ಮೀನು ಅಂತ ಲೆಕ್ಕ ಇರುತ್ತೆ. ಈಟಿ ಹಿಡಿಯುವವನು ಆ ರಾತ್ರಿಗೆ, ಆ ಕೆರೆಗೆ ಪರ್ಮಿಟ್ ತಗೋಬೇಕು. ದೊಡ್ಡ ಮೀನಿಗೆ ಬೇರೆ ಮಿತಿ. ದಡಕ್ಕೆ ಬಂದ ಕೂಡಲೇ ಅಲ್ಲೇ ಕೂತಿರುವ ಸಿಬ್ಬಂದಿ ಮೀನುಗಳನ್ನ ಎಣಿಸ್ತಾರೆ, ಅಳೀತಾರೆ, ಗಂಡೋ ಹೆಣ್ಣೋ ನೋಡ್ತಾರೆ. ಲೆಕ್ಕ ತುಂಬಿತೋ, ಆ ಕೆರೆ ಬಂದ್. ಈಟಿಗೆ ಸಿಗುವುದರಲ್ಲಿ ಹೆಚ್ಚಿನವು ಗಂಡು ಮೀನು, ಯಾಕಂದರೆ ಮೊಟ್ಟೆ ಇಡುವ ಜಾಗದಲ್ಲಿ ತುಂಬ ದಿನ ಸುತ್ತಾಡುವುದು ಗಂಡೇ. ಹೆಣ್ಣು ಬಂದು ಮೊಟ್ಟೆ ಇಟ್ಟು ಆಳಕ್ಕೆ ಹೊರಟುಹೋಗುತ್ತೆ.

ಈಗ ಗಾಳದವರ ಲೆಕ್ಕ ಹೇಳಿ ನೋಡೋಣ. ಒಬ್ಬೊಬ್ಬ ಗಾಳದವನ ಹಿಂದೆ ಯಾರೂ ನೋಟ್‌ಬುಕ್ ಹಿಡಿದು ನಿಂತಿರಲ್ಲ. ಅಲ್ಲಲ್ಲಿ ಸ್ಯಾಂಪಲ್ ಸರ್ವೆ ಮಾಡಿ ಅಂದಾಜು ಹಾಕ್ತಾರೆ. ಆ ಅಂದಾಜಿನ ಪ್ರಕಾರವೇ ವಿಸ್ಕಾನ್ಸಿನ್‌ನಲ್ಲಿ ಗಾಳದವರು ಒಯ್ಯುವ ವಾಲೈ ಈಟಿಯವರದ್ದಕ್ಕಿಂತ ಹಲವು ಪಟ್ಟು ಜಾಸ್ತಿ! ಆದರೂ ಕಳ್ಳ ಯಾರು? ಒಂದೊಂದು ಮೀನಿನ ಲೆಕ್ಕ ಕೊಡುವವನು. ಬುಡಕಟ್ಟಿನ ಪಾಲಿಗಾಗಿ ಗಾಳದವರ ದಿನದ ಮಿತಿಯನ್ನ ಇಳಿಸಿದ್ದು ನಿಜ. ಅದು ಬೇಸರದ ವಿಷಯವೇ. ಆದರೆ ಪಾಲುದಾರ ತನ್ನ ಪಾಲು ತಗೊಂಡರೆ ನಮ್ಮ ತಟ್ಟೆಯಲ್ಲಿ ಕಡಿಮೆಯಾಗುತ್ತೆ. ಅದನ್ನ ಕಳ್ಳತನ ಅನ್ನಲ್ಲ, ಪಾಲು ಅಂತಾರೆ.

"ಆದರೆ ಲೈಟ್ ಬಿಟ್ಟು ಹೊಡೆಯೋದು ಸ್ಪೋರ್ಟ್ ಅಲ್ಲ" ಅನ್ನುವ ಇನ್ನೊಂದು ಮಾತಿದೆ. ಇದು ನನಗೆ ಎಲ್ಲಕ್ಕಿಂತ ತಮಾಷೆ ಅನ್ನಿಸೋದು. ಗಾಳದವರೂ ವಾಲೈಗೆ ಹೋಗೋದು ಸಂಜೆಯಾದ ಮೇಲೆಯೇ. ತಲೆಗೆ ಕಟ್ಟಿದ ದೀಪ, ಕತ್ತಲಲ್ಲಿ ಹೊಳೆಯುವ ಬಣ್ಣದ ಗಾಳ, ಬ್ಯಾಟರಿ ಹಾಕಿದ ಮಿಣಿಮಿಣಿ ಬೆಂಡು, ನೀರಡಿ ಮೀನು ಎಲ್ಲಿದೆ ಅಂತ ಪರದೆ ಮೇಲೆ ತೋರಿಸುವ ಸೋನಾರ್. ಇಷ್ಟೆಲ್ಲ ಇಟ್ಟುಕೊಂಡು "ಮೀನಿಗೆ ಒಂದು ಅವಕಾಶ ಕೊಡಬೇಕು" ಅಂತ ಪ್ರವಚನ! ಒಜಿಬ್ವೆಗಳು ಸ್ಪೋರ್ಟ್ ಅಂತ ಯಾವತ್ತೂ ಹೇಳಿಲ್ಲ. ಮನೆಗೆ, ವಯಸ್ಸಾದವರಿಗೆ, ಊರಿನ ಊಟಕ್ಕೆ ಅಂತ ಹಿಡೀತಾರೆ. ಆಟಕ್ಕೆ ಅಂತ ಹಿಡಿಯುವವನು ಊಟಕ್ಕೆ ಅಂತ ಹಿಡಿಯುವವನಿಗೆ ನೀತಿಪಾಠ ಹೇಳೋದು ಯಾವ ನ್ಯಾಯ?

ಹಿಡಿದು ವಾಪಸ್ ಬಿಡ್ತೀವಲ್ಲ ಅಂತೀರಾ? ಬಿಟ್ಟ ಮೀನೆಲ್ಲ ಬದುಕಲ್ಲ. ನೀರು ಬಿಸಿಯಾದಷ್ಟೂ ಸಾಯುವುದು ಜಾಸ್ತಿ. ಮಿನಿಸೋಟದ ಮಿಲ್ ಲ್ಯಾಕ್ಸ್ ಕೆರೆಯ ಕಥೆ ನೋಡಿ. 2015ರಲ್ಲಿ ಒಟ್ಟು ಮಿತಿ 40,000 ಪೌಂಡ್. ಅದರಲ್ಲಿ ರಾಜ್ಯದ ಗಾಳದವರಿಗೆ 28,600, ಬುಡಕಟ್ಟುಗಳಿಗೆ 11,400. ಗಾಳದವರ ಪಾಲು ಬೇಸಿಗೆಯಲ್ಲೇ ಮುಗಿದು ಆಗಸ್ಟ್ 3ಕ್ಕೆ ರಾಜ್ಯ ಸರ್ಕಾರ ವಾಲೈ ಮೀನುಗಾರಿಕೆ ನಿಲ್ಲಿಸಿತು. 2016ರ ಬೇಸಿಗೆಯಲ್ಲಿ ಹಿಡಿದದ್ದನ್ನೆಲ್ಲ ಬಿಡಬೇಕು ಅಂತ ರೂಲು. 2017ರ ಜುಲೈಯಲ್ಲಿ, ಬಿಸಿನೀರಿನಲ್ಲಿ ಬಿಟ್ಟ ಮೀನು ಸಾಯುತ್ತೆ ಅಂತ ಬಿಡುವ ಆಟವನ್ನೂ ಕೆಲವು ವಾರ ಬಂದ್ ಮಾಡಿದರು. ಇಷ್ಟಾದರೂ ಅಲ್ಲಿ ಬೈಗುಳ ಬೀಳೋದು ಬುಡಕಟ್ಟಿನವರ ಬಲೆಗೆ, ಈಟಿಗೆ.

ಆ ಕೆರೆಯಲ್ಲಿ ನಿಜವಾದ ತೊಂದರೆ ಮರಿಗಳದ್ದು. ಮೊಟ್ಟೆಯೊಡೆದು ಮರಿಗಳು ಬರುತ್ತವೆ, ಆದರೆ ಉಳಿದು ದೊಡ್ಡವಾಗುವುದು ಕಡಿಮೆ. 1980ರ ದಶಕದಿಂದ ನೀರು ತಿಳಿಯಾಗುತ್ತಾ ಬಂದಿದೆ. 2005ರಲ್ಲಿ ಹೊರಗಿನಿಂದ ಬಂದ ಜೀಬ್ರಾ ಮಸಲ್ ಚಿಪ್ಪು, 2009ರಲ್ಲಿ ಮುಳ್ಳಿನ ನೀರುಚಿಗಟ ಸಿಕ್ಕವು. ಒಂದು ನೀರನ್ನ ಸೋಸಿ ಇನ್ನೂ ತಿಳಿ ಮಾಡುತ್ತೆ, ಇನ್ನೊಂದು ಸಣ್ಣ ಮೀನಿನ ಆಹಾರ ತಿನ್ನುತ್ತೆ. ಕತ್ತಲು ಬೇಕಾದ ಮೀನಿಗೆ ಕೆರೆಯಲ್ಲಿ ಕತ್ತಲೇ ಕಡಿಮೆಯಾಗುತ್ತಿದೆ. ಮೇಲಿಂದ ಬೇಸಿಗೆಯ ಬಿಸಿ ಬೇರೆ. ಈ ಚಿಪ್ಪುಗಳು ಕೆರೆಯಿಂದ ಕೆರೆಗೆ ಹೋಗುವ ಒಂದು ಮುಖ್ಯ ದಾರಿ ಯಾವುದು? ಟ್ರೇಲರ್ ಮೇಲೆ ಎಳೆದುಕೊಂಡು ಓಡಾಡುವ ದೋಣಿಗಳು! ಇದನ್ನ ಯಾರೂ ಕಟ್ಟೆಯ ಮೇಲೆ ನಿಂತು ಕೂಗಲ್ಲ. ಚಿಪ್ಪಿಗೆ ಮುಖ ಇಲ್ಲ ನೋಡಿ, ಬೈದರೆ ಮಜಾ ಬರಲ್ಲ.

ಈಗ ನಮ್ಮ ಬುಡಕ್ಕೆ ಬರೋಣ. ನಮ್ಮ ಬ್ಲಾಗಿಗರಲ್ಲಿ ಮಲೆನಾಡಿನವರು ಎಷ್ಟು ಜನ ಹತ್ತುಮೀನಿನ ನೆನಪು ಬರೆದಿಲ್ಲ! ಮುಂಗಾರಿನ ಮೊದಲ ಮಳೆಗೆ ಮೊಟ್ಟೆ ಇಡೋಕೆ ಹಳ್ಳ ಗದ್ದೆಗೆ ಹತ್ತಿ ಬರುವ ಮೀನು, ರಾತ್ರಿ ಸೂಡಿ ಹಿಡಿದು, ಕತ್ತಿ ಹಿಡಿದು ಹೊರಟ ಅಪ್ಪ, ಚಿಕ್ಕಪ್ಪ, ಮನೆಯಲ್ಲಿ ಅಮ್ಮನ ಮಸಾಲೆ... ಓದುವಾಗ ನನಗೂ ಬಾಯಲ್ಲಿ ನೀರು. ಅದು ನಮ್ಮಲ್ಲಾದರೆ "ಸಂಸ್ಕೃತಿ, ಬಾಲ್ಯ". ಅದೇ ಕೆಲಸ ಒಜಿಬ್ವೆ ಅಪ್ಪ ಮಗ ಮಾಡಿದರೆ "ಅನಾಗರಿಕ". ಅವರಾದರೂ ಎಣಿಸಿ ಹಿಡೀತಾರೆ. ನಮ್ಮ ಹಳ್ಳದಲ್ಲಿ ಎಣಿಸಿದವರು ಯಾರು?

ಹಾಗೇ ಸೊಪ್ಪಿನಬೆಟ್ಟ, ಕುಮ್ಕಿ. ಸರ್ಕಾರದ ಜಾಗದಲ್ಲಿ ಸೊಪ್ಪು ತರುವ ಹಕ್ಕು ಬ್ರಿಟಿಷರ ಕಾಲದಿಂದ ನಮ್ಮದು ಅಂತ ನಮ್ಮ ತೋಟದವರು ಕಾಗದ ಹಿಡಿದು ಹೋರಾಡ್ತಾರೆ. ಹೋರಾಡಲಿ. ಆದರೆ ಅದೇ ಮನೆಯ ಮಗ ಅಮೆರಿಕಕ್ಕೆ ಹೋಗಿ, ಬಹಳ ಹಳೆಯದಾದ ಇನ್ನೊಬ್ಬರ ಕಾಗದವನ್ನ "ಸ್ಪೆಷಲ್ ರೂಲು" ಅಂತ ಮೂಗು ಮುರಿಯಬಾರದು.

ಒಬ್ಬರು ಜಾಣರು ಕೇಳಿದರು, "ನಮ್ಮ ಕರಾವಳಿಯಲ್ಲಿ ಲೈಟ್ ಫಿಶಿಂಗ್ ಬೇಡ ಅಂತ ನಾಡದೋಣಿಯವರೇ ಪ್ರತಿಭಟನೆ ಮಾಡಲಿಲ್ವಾ? 2017ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಎಲ್ಇಡಿ ಬೆಳಕಿನ ಮೀನುಗಾರಿಕೆ ನಿಷೇಧಿಸಲಿಲ್ವಾ?" ಅಂತ. ಹೌದು, ಸರಿಯಾಗಿಯೇ ಮಾಡಿದರು. ಆದರೆ ಅಲ್ಲಿ ಜಗಳ ಬೆಳಕಿನದ್ದಲ್ಲ. ಜನರೇಟರ್ ಹಾಕಿ ಸಮುದ್ರವನ್ನೇ ಹಗಲು ಮಾಡಿ, ಸೇರಿದ ಹಿಂಡನ್ನ ಮರಿ ಸಮೇತ ಬಾಚಿ, ಚಿಕ್ಕ ದೋಣಿಯವನಿಗೆ ಏನೂ ಉಳಿಸದಿರುವುದು ಅಲ್ಲಿನ ಪ್ರಶ್ನೆ. ಈಟಿಯವನು ಒಂದು ಸಲಕ್ಕೆ ಒಂದು ಮೀನು ನೋಡಿ ಹೊಡೀತಾನೆ. ಎಷ್ಟು ಹಿಡೀತಾರೆ, ಯಾರು ಎಣಿಸ್ತಾರೆ, ಯಾರ ಪಾಲು ಎಷ್ಟು, ಇದನ್ನ ಕೇಳಬೇಕು. ಕೈಯಲ್ಲಿ ದೀಪ ಇದೆಯಾ ಅಂತಲ್ಲ. ಹಾಗೆ ಕೇಳಿದರೆ ನಮ್ಮ ನಾಡದೋಣಿಯವನೂ ವಿಸ್ಕಾನ್ಸಿನ್‌ನ ಈಟಿಯವನೂ ಒಂದೇ ಕಡೆ ನಿಲ್ತಾರೆ.

ಆ ದೇಶಕ್ಕೆ ನಿನ್ನೆ ಮೊನ್ನೆ ಹೋದವರು ನಾವು. ಅಲ್ಲಿನ ಕೆರೆಯಲ್ಲಿ ಗಾಳ ಹಾಕೋಕೆ ಅವಕಾಶ ಸಿಕ್ಕಿದೆ, ಸಂತೋಷದಿಂದ ಹಾಕೋಣ. ಆದರೆ ಆ ನೆಲ ಬಿಟ್ಟುಕೊಟ್ಟು ಮೀನನ್ನ ಮಾತ್ರ ಉಳಿಸಿಕೊಂಡ ಜನರನ್ನ ಕಳ್ಳರು ಅನ್ನುವ ಮೊದಲು ಸ್ವಲ್ಪ ಓದಿಕೊಳ್ಳೋಣ. ಏಪ್ರಿಲ್ ರಾತ್ರಿ ಕೆರೆಯ ಮೇಲೆ ದೀಪ ಕಂಡರೆ ಸುಮ್ಮನೆ ದಾರಿ ಬಿಟ್ಟು ನಿಲ್ಲಿ. ಅಷ್ಟು ಸಾಕು.

ಒಪ್ಪದವರು ಧಾರಾಳವಾಗಿ ಜಗಳಕ್ಕೆ ಬನ್ನಿ. ಆದರೆ ಬರುವಾಗ "ನಮ್ಮ ಆಫೀಸಿನ ಬಾಬ್ ಹೇಳಿದ" ಅಂತ ಮಾತ್ರ ಬರಬೇಡಿ, ಲೆಕ್ಕ ಇಟ್ಟುಕೊಂಡು ಬನ್ನಿ :-)