ಹೊಗೆ ವಿಸ್ಕಿ ಮತ್ತು ಪಿಪಿಎಂ ಹುಚ್ಚು

"ಥೂ, ಆಸ್ಪತ್ರೆ ವಾಸನೆ ಮಾರಾಯ!" ಸ್ಕಾಟ್ಲೆಂಡಿನ ಐಲಾ ದ್ವೀಪದ ವಿಸ್ಕಿಯನ್ನ ಮೊದಲ ಸಲ ಮೂಗಿನ ಹತ್ತಿರ ಹಿಡಿದವರು ಸಾಮಾನ್ಯವಾಗಿ ಹೇಳೋದು ಇದನ್ನೇ. ಬೈಗುಳ ಅಂತ ಹೇಳಿರ್ತಾರೆ, ಆದ್ರೆ ಮೂಗು ಮಾತ್ರ ನೂರಕ್ಕೆ ನೂರು ಸರಿಯಾಗಿ ಹೇಳಿರುತ್ತೆ. ಆ ವಾಸನೆಯ ಮೂಲ ಫೀನಾಲ್ ಮತ್ತು ಅದರ ಅಣ್ಣತಮ್ಮಂದಿರು: ಕ್ರೆಸಾಲ್, ಗ್ವಾಯಕಾಲ್ ಇತ್ಯಾದಿ. ಫೀನಾಲಿನ ಹಳೇ ಹೆಸರು ಕಾರ್ಬಾಲಿಕ್ ಆಸಿಡ್. 1865ರಲ್ಲಿ ಜೋಸೆಫ್ ಲಿಸ್ಟರ್ ಗಾಯ ಕೀವಾಗದಂತೆ ತಡೆಯೋಕೆ ಅದನ್ನ ಬಳಸಿದ್ದು ಗ್ಲಾಸ್ಗೋದ ಆಸ್ಪತ್ರೆಯಲ್ಲೇ, ಅಂದ್ರೆ ಸ್ಕಾಟ್ಲೆಂಡಿನಲ್ಲೇ! ನಮ್ಮ ಹಳೇ ಕೆಂಪು ಲೈಫ್‌ಬಾಯ್ ಸೋಪಿನ ಘಾಟೂ ಇದೇ ವಂಶದ್ದು. ಹಾಗಾಗಿ ಲಫ್ರಾಯ್ಗ್ ಮೂಸಿ ನಿಮಗೆ ಬ್ಯಾಂಡೇಜು, ಟಿಂಚರು ನೆನಪಾದ್ರೆ ಅದು ಕಲ್ಪನೆಯಲ್ಲ, ಶುದ್ಧ ರಸಾಯನಶಾಸ್ತ್ರ.

ಈ ಹೊಗೆ ಬರೋದು ಎಲ್ಲಿಂದ? ಪೀಪಾಯಿಂದ ಅಂತ ತುಂಬಾ ಜನ ಅಂದ್ಕೊಂಡಿದಾರೆ. ಅಲ್ಲ. ಬಾರ್ಲಿಯನ್ನ ನೆನೆಸಿ ಮೊಳಕೆ ಬರಿಸ್ತಾರೆ (ನಮ್ಮಲ್ಲಿ ಹುರಳಿಕಾಳು ಮೊಳಕೆ ಕಟ್ಟಿದ ಹಾಗೆ). ಆಮೇಲೆ ಮೊಳಕೆ ಮುಂದುವರಿಯದ ಹಾಗೆ ಒಣಗಿಸಬೇಕು. ಒಣಗಿಸೋಕೆ ಬೆಂಕಿ ಬೇಕು. ಐಲಾದಲ್ಲಿ ಮರಗಳು ಕಮ್ಮಿ, ಜೌಗುನೆಲ ಜಾಸ್ತಿ. ಆ ಜೌಗಿನಲ್ಲಿ ಪಾಚಿ, ಹೀದರ್ ಗಿಡ, ಹುಲ್ಲು ಎಲ್ಲಾ ಸಾವಿರಾರು ವರ್ಷ ಅರ್ಧಂಬರ್ಧ ಕೊಳೆತು ಆದ ಕಪ್ಪು ಮಣ್ಣೇ ಪೀಟ್. ಅದನ್ನ ಇಟ್ಟಿಗೆ ಥರ ಕೊಯ್ದು, ಗಾಳಿಗೆ ಒಣಗಿಸಿ, ಸುಟ್ಟರೆ ಬರೋ ಹೊಗೆ ಹಸಿ ಮಾಲ್ಟಿಗೆ ಅಂಟಿಕೊಳ್ಳುತ್ತೆ. ಅಂದ್ರೆ ರುಚಿಗಾಗಿ ಅಂತ ಯಾರೋ ರಸಿಕರು ಕೂತು ಕಂಡುಹಿಡಿದದ್ದಲ್ಲ ಇದು, ಸೌದೆ ಇಲ್ಲದವರ ಪಾಡು. ಒಳನಾಡಿನ ಸ್ಪೇಸೈಡ್ ಕಡೆ 1863ರಲ್ಲಿ ರೈಲು ಬಂತು, ರೈಲಿನ ಜೊತೆ ಕಲ್ಲಿದ್ದಲು ಬಂತು, ಅಲ್ಲಿನ ವಿಸ್ಕಿಯಿಂದ ಹೊಗೆ ನಿಧಾನಕ್ಕೆ ಜಾಗ ಖಾಲಿ ಮಾಡ್ತು. ದ್ವೀಪದಲ್ಲಿ ಉಳ್ಕೊಂತು.

ನನಗೆ ನಗು ಬರೋದು ಏನಂದ್ರೆ, ಹೊಗೆ ವಾಸನೆ ಅಂತ ಮೂಗು ಮುರಿಯೋ ನಮ್ಮೋರೇ ಕೆಂಡದಲ್ಲಿ ಸುಟ್ಟ ಬದನೆಕಾಯಿ ಗೊಜ್ಜನ್ನ ಬೆರಳು ಚೀಪಿ ತಿಂತಾರೆ. ಸೌದೆ ಒಲೆ ಸಾರಿನ ರುಚಿ ಗ್ಯಾಸ್ ಸ್ಟೋವಿನಲ್ಲಿ ಬರಲ್ಲ ಅಂತ ಕೊರಗ್ತಾರೆ. ಬಚ್ಚಲ ಒಲೆಯ ಹಂಡೆ ನೀರಲ್ಲಿ ಮಿಂದವರಿಗೆ ಆ ಹೊಗೆ ಇವತ್ತಿಗೂ ಊರಿನ ವಾಸನೆ. ಅಲ್ಲಿರೋದೂ ಗ್ವಾಯಕಾಲೇ ಸ್ವಾಮಿ. ಲವಂಗಕ್ಕೆ ಆ ಘಮ ಕೊಡೋ ಯೂಜಿನಾಲ್, ಐಸ್‌ಕ್ರೀಮಿನ ವೆನಿಲಿನ್ ಎರಡೂ ಇದೇ ಗ್ವಾಯಕಾಲಿನ ನೆಂಟರು. ನಾವು ಹೊಗೆಯನ್ನ ಊಟದಲ್ಲಿ ಒಪ್ಪಿಕೊಂಡಿದೀವಿ, ಲೋಟದಲ್ಲಿ ಒಪ್ಪಿಕೊಂಡಿಲ್ಲ, ಅಷ್ಟೇ ವಿಷಯ.

ಇದು ಒಂದು ಕಡೆಯವರ ಕಥೆ. ನಿಜವಾಗಿ ತಲೆ ಕೆಡಿಸೋದು ಇನ್ನೊಂದು ಕಡೆಯವರು. ಹೊಗೆ ರುಚಿ ಹತ್ತಿದ ಮೇಲೆ ಕೆಲವರಿಗೆ ಪಿಪಿಎಂ ಅನ್ನೋ ಹುಚ್ಚು ಹಿಡಿಯುತ್ತೆ. ಹತ್ತು ಲಕ್ಷ ಪಾಲಿನಲ್ಲಿ ಎಷ್ಟು ಪಾಲು ಫೀನಾಲ್ ಅನ್ನೋ ಲೆಕ್ಕ. ಬೋಮೋರ್ 25ರ ಆಸುಪಾಸು, ಲಾಗವುಲಿನ್ 35, ಲಫ್ರಾಯ್ಗ್ 40-45, ಆರ್ಡ್‌ಬೆಗ್ 50 ದಾಟುತ್ತೆ. ಬ್ರೂಕ್‌ಲ್ಯಾಡಿಯವರು ಆಕ್ಟೊಮೋರ್ ಅಂತ ಮಾಡಿ ನೂರು ದಾಟಿಸಿ, 2017ರಲ್ಲಿ ಬಂದ ಒಂದು ಬಾಟಲಿಗೆ 309 ಅಂತ ಬರೆದರು. ಬಿತ್ತಲ್ಲಪ್ಪ ಪೈಪೋಟಿ! ಮೆಣಸಿನಕಾಯಿ ಬಜ್ಜಿ ಯಾರು ಜಾಸ್ತಿ ಖಾರ ತಿಂತಾರೆ ಅನ್ನೋ ಹುಡುಗರ ಪಂದ್ಯದ ಥರ ಆಗಿಹೋಯ್ತು.

ಈ ಸಂಖ್ಯೆ ಅಳೆಯೋದು ಒಣಗಿಸಿದ ಬಾರ್ಲಿಯಲ್ಲಿ, ನಿಮ್ಮ ಲೋಟದಲ್ಲಲ್ಲ. ಅರೆಯುವಾಗ, ಹುದುಗಿಸುವಾಗ, ಬಟ್ಟಿ ಇಳಿಸುವಾಗ ಅದರಲ್ಲಿ ದೊಡ್ಡ ಪಾಲು ಕಳೆದುಹೋಗುತ್ತೆ. ಎಷ್ಟು ಉಳಿಯುತ್ತೆ, ಯಾವ ಥರದ್ದು ಉಳಿಯುತ್ತೆ ಅನ್ನೋದು ತಾಮ್ರದ ಹಂಡೆಯ ಆಕಾರದ ಮೇಲೆ, ಅದನ್ನ ಎಷ್ಟು ತುಂಬಿಸ್ತಾರೆ, ಎಷ್ಟು ನಿಧಾನಕ್ಕೆ ಕಾಯಿಸ್ತಾರೆ ಅನ್ನೋದರ ಮೇಲೆ ನಿಂತಿದೆ. ಭಾರದ ಫೀನಾಲ್‌ಗಳು ಬಟ್ಟಿ ಇಳಿಸುವಾಗ ಕೊನೆಕೊನೆಗೆ ಬರ್ತವೆ. ಲಫ್ರಾಯ್ಗಿನವರು ತಡವಾಗಿ ನಿಲ್ಲಿಸ್ತಾರೆ, ಆ ಡಾಂಬರು ಗುಣ ಬರೋದು ಅಲ್ಲಿಂದ. ಆಕ್ಟೊಮೋರ್ ಮಾಡೋ ಹಂಡೆಗಳ ಕುತ್ತಿಗೆ ಉದ್ದ, ಸಣ್ಣ. ಹಾಗಾಗಿ ಆ ಭಯಂಕರ ಸಂಖ್ಯೆ ನೋಡಿ ಹೆದರಿದವರಿಗೆ ನಾಲಿಗೆ ಮೇಲೆ ಅಷ್ಟೊಂದು ಹೊಗೆ ಸಿಗೋದೇ ಇಲ್ಲ.

ಇನ್ನೂ ಒಳ್ಳೇ ಉದಾಹರಣೆ ಬೇಕಾ? ಲಾಗವುಲಿನ್ ಮತ್ತು ಕುಲ್ ಈಲಾ (ಇಂಗ್ಲಿಷ್ ಸ್ಪೆಲ್ಲಿಂಗ್ ನೋಡಿ ಓದೋಕೆ ಹೋಗ್ಬೇಡಿ, ಗೇಲಿಕ್ ಭಾಷೆಯವರ ಕಾಗುಣಿತ ಅವರಿಗೇ ಪ್ರೀತಿ). ಎರಡೂ ಒಂದೇ ಕಂಪನಿಯವು, ಎರಡಕ್ಕೂ ಮಾಲ್ಟ್ ಬರೋದು ಪೋರ್ಟ್ ಎಲೆನ್ ಊರಿನ ಒಂದೇ ಕಾರ್ಖಾನೆಯಿಂದ, ಪಿಪಿಎಂ ಕೂಡ ಹೆಚ್ಚುಕಮ್ಮಿ ಒಂದೇ. ಆದ್ರೆ ಕುಡಿದು ನೋಡಿ. ಕುಲ್ ಈಲಾ ತೆಳ್ಳಗೆ, ನಿಂಬೆಹಣ್ಣು, ಸಮುದ್ರದ ಗಾಳಿ, ಆಮೇಲೆ ಬೂದಿ. ಲಾಗವುಲಿನ್ 16 ವರ್ಷದ್ದು ದಪ್ಪ, ಖರ್ಜೂರ, ಕಪ್ಪು ಟೀ ಡಿಕಾಕ್ಷನ್, ಆರಿದ ಹೋಮಕುಂಡದ ಹೊಗೆ. ಪಿಪಿಎಂ ಒಂದೇ ಇದ್ದೂ ಇಷ್ಟು ದೂರ ಇದಾವೆ ಅಂದ್ರೆ ಆ ಸಂಖ್ಯೆ ಏನು ಹೇಳ್ತು ನಮಗೆ? ಬೆಲೆ ಹೆಚ್ಚಿಸೋಕೆ ಒಂದು ನೆಪ ಕೊಡ್ತು, ಅಷ್ಟೇ ಅಂತ ನನ್ನ ಅನಿಸಿಕೆ.

ವಯಸ್ಸಿನ ವಿಷಯದಲ್ಲೂ ಇದೇ ಗೊಂದಲ. ಜಾಸ್ತಿ ವರ್ಷ ಅಂದ್ರೆ ಒಳ್ಳೇದು ಅನ್ನೋ ನಂಬಿಕೆ ಪೀಟಿನ ಹತ್ತಿರ ನಡೆಯಲ್ಲ. ಪೀಪಾಯಿಯಲ್ಲಿ ವರ್ಷ ಕಳೆದಂತೆ ಹೊಗೆ ಮೆತ್ತಗಾಗ್ತಾ ಹೋಗುತ್ತೆ, ಹಣ್ಣು ಮೇಲೆ ಬರುತ್ತೆ. 2016ರಲ್ಲಿ ಲಾಗವುಲಿನ್ ತನ್ನ ಇನ್ನೂರನೇ ವರ್ಷಕ್ಕೆ ಬಿಟ್ಟದ್ದು 8 ವರ್ಷದ ವಿಸ್ಕಿ! ಎಳೆಯ ಹುಡುಗನ ಪೊಗರಿತ್ತು ಅದರಲ್ಲಿ. ಹೊಗೆಗಾಗಿ ಕುಡಿಯೋರು ಇಪ್ಪತ್ತೈದು ವರ್ಷದ ಬಾಟಲಿಗೆ ಸಂಬಳ ಸುರಿಯೋದು ನನಗಂತೂ ಅರ್ಥ ಆಗಲ್ಲ.

ಇನ್ನು ನಮ್ಮ ಬೆಂಗಳೂರಿನ ಅಮೃತ್. ಮೈಸೂರು ರಸ್ತೆಯ ಈ ಡಿಸ್ಟಿಲರಿ 2004ರಲ್ಲಿ ತನ್ನ ಸಿಂಗಲ್ ಮಾಲ್ಟನ್ನ ಬಿಡುಗಡೆ ಮಾಡಿದ್ದು ಎಲ್ಲಿ ಗೊತ್ತಾ, ಗ್ಲಾಸ್ಗೋದಲ್ಲಿ. ಹುಲಿ ಗುಹೆಗೇ ಹೋಗಿ ಕೂತ ಹಾಗೆ. 2009ರ ಫ್ಯೂಷನ್‌ನಲ್ಲಿ ನಮ್ಮ ದೇಶದ ಬಾರ್ಲಿ ಮುಕ್ಕಾಲು, ಸ್ಕಾಟ್ಲೆಂಡಿನ ಪೀಟ್ ಹೊಗೆ ಹಾಕಿದ ಬಾರ್ಲಿ ಕಾಲು. 2010ರ ವಿಸ್ಕಿ ಬೈಬಲ್‌ನಲ್ಲಿ ಜಿಮ್ ಮರ್ರೇ ಅದಕ್ಕೆ ಜಗತ್ತಿನ ಮೂರನೇ ಸ್ಥಾನ ಕೊಟ್ಟರು. ಸ್ಕಾಟ್ಲೆಂಡಿನ ಪೀಪಾಯಿಯಲ್ಲಿ ವರ್ಷಕ್ಕೆ ನೂರಕ್ಕೆ 2ರಷ್ಟು ಆವಿಯಾದ್ರೆ ಇಲ್ಲಿ 10-12. ದೇವತೆಗಳ ಪಾಲು ಅಂತಾರೆ ಅದನ್ನ, ನಮ್ಮ ದೇವತೆಗಳು ಸ್ವಲ್ಪ ಜಾಸ್ತಿನೇ ಏರಿಸ್ತಾರೆ. ಹಾಗಾಗಿ ನಾಲ್ಕೈದು ವರ್ಷಕ್ಕೇ ಇಲ್ಲಿ ವಿಸ್ಕಿ ಪಕ್ವ. ಫ್ಯೂಷನ್ ನನಗ್ಯಾಕೆ ಇಷ್ಟ ಅಂದ್ರೆ ಅಲ್ಲಿ ಹೊಗೆ ಯಜಮಾನಿಕೆ ಮಾಡಲ್ಲ. ಒಗ್ಗರಣೆಯ ಇಂಗಿನ ಥರ, ಇದೆ ಅಂತ ಗೊತ್ತಾಗುತ್ತೆ, ಇಲ್ಲದಿದ್ರೆ ಕೊರತೆ ಅನ್ಸುತ್ತೆ.

ಹೊಗೆಯನ್ನ ಇಂಗಿನಂತೆ ಬಳಸಬೇಕು ಅನ್ನೋದಕ್ಕೆ ರುಚಿಗಿಂತ ದೊಡ್ಡ ಕಾರಣ ಇನ್ನೊಂದಿದೆ. ಪೀಟ್ ಬೆಳೆಯೋದು ವರ್ಷಕ್ಕೆ ಸುಮಾರು ಒಂದು ಮಿಲಿಮೀಟರ್. ಒಂದು ಮೀಟರ್ ಕೊಯ್ದರೆ ಸಾವಿರ ವರ್ಷದ ಗಳಿಕೆ ಕೊಯ್ದ ಹಾಗೆ. ಆ ಜೌಗುನೆಲ ಹಿಡಿದಿಟ್ಟುಕೊಂಡಿರೋ ಇಂಗಾಲ ಅಷ್ಟಿಷ್ಟಲ್ಲ, ಒಣಗಿಸಿ ಸುಟ್ಟರೆ ಅದೆಲ್ಲಾ ಗಾಳಿಗೆ. ವಿಸ್ಕಿಯವರಿಗಿಂತ ತೋಟದ ಮಣ್ಣಿಗೆ ಬೆರೆಸೋರೇ ಜಾಸ್ತಿ ಬಳಸೋದು ಅನ್ನೋ ಸಮಜಾಯಿಷಿ ಕೇಳಿದೀನಿ. ನಿಜವೇ. ಆದ್ರೂ ಬರೀ ಲೇಬಲ್ ಮೇಲೆ ದೊಡ್ಡ ಸಂಖ್ಯೆ ಬರೆಯೋಕೆ ಅಂತ ದಿನಗಟ್ಟಲೆ ಪೀಟ್ ಸುಡೋದು ನನಗೆ ಸರಿ ಕಾಣಲ್ಲ. 25 ಪಿಪಿಎಂನಲ್ಲಿ ಬೋಮೋರ್ ಮಾಡಿ ತೋರಿಸಿರೋವಾಗ 300ರ ಅಗತ್ಯ ಯಾರಿಗಿದೆ?

ಹೊಸಬರು ಬೋಮೋರ್ 12 ಅಥವಾ ಫ್ಯೂಷನ್‌ನಿಂದ ಶುರು ಮಾಡಿ, ಲಫ್ರಾಯ್ಗ್ ಆಮೇಲೆ ಇರ್ಲಿ. ಐಸ್ ಹಾಕಬೇಡಿ, ತಣ್ಣಗಾದ್ರೆ ವಾಸನೆ ಮುದುಡುತ್ತೆ. ಕೋಲಾ ಹಾಕಿದ್ರಂತೂ ಮುಗೀತು ಕಥೆ. ಒಂದು ಟೀ ಚಮಚ ಮಾಮೂಲಿ ನೀರು, ಐದು ನಿಮಿಷ ತಾಳ್ಮೆ. ಪಕ್ಕದಲ್ಲಿ ಕೆಂಡದ ಮೇಲೆ ಸುಟ್ಟ ಬಂಗುಡೆ ಇದ್ರೆ ಇನ್ನೂ ಒಳ್ಳೇದು. ಸಸ್ಯಾಹಾರಿಗಳಿಗೆ ಬದನೆಕಾಯಿ ಇದ್ದೇ ಇದೆಯಲ್ಲ.