ಮಗುವಿನ ಗಂಟಿನಿಂದ ಮಗುವಿಗೇ ಜೀವನಾಂಶವೇ?



ನಾನು ಶಾಲೆಯಲ್ಲಿ ಮೇಷ್ಟ್ರಾಗಿದ್ದಾಗ, 2019ರಲ್ಲಿ, ನಡೆದ ಒಂದು ಸಂಗತಿಯನ್ನು ಮೊದಲು ನಿಮ್ಮ ಮುಂದಿಡುತ್ತೇನೆ. ಐದನೆಯ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ತಂದೆ ಗಿರಣಿಯಲ್ಲಿ ಫಿಟ್ಟರ್. ಹೆಂಡತಿ ಮಗುವನ್ನು ಬಿಟ್ಟು ಬೇರೆ ಮನೆ ಮಾಡಿದ್ದ. ತಾಯಿ ಹೊಲಿಗೆ ಯಂತ್ರ ತುಳಿದು ಸಂಸಾರ ನಡೆಸುತ್ತಿದ್ದಳು. ಮಗುವಿಗೆ ತಿಂಗಳಿಗೆ 2,000 ರೂಪಾಯಿ ಜೀವನಾಂಶ ಕೊಡಬೇಕೆಂದು ಕೋರ್ಟು ಹೇಳಿತ್ತು. ಆತ ಆರು ತಿಂಗಳು ಬಿಡಿಗಾಸು ಕೊಡಲಿಲ್ಲ. ಕೊನೆಗೆ ವಾರಂಟು ಹೊರಟಿತು. ಆಗ 12,000 ರೂಪಾಯಿಯನ್ನೂ ಒಂದೇ ಸಲಕ್ಕೆ ಕಟ್ಟಿದ. ಅಂತೂ ನ್ಯಾಯ ಸಿಕ್ಕಿತೆಂದು ನಾವೆಲ್ಲ ಸಂತೋಷಪಟ್ಟೆವು.

ಎರಡು ತಿಂಗಳ ಮೇಲೆ, ಹಿರಿಯರ ಪಂಚಾಯಿತಿಯಲ್ಲಿ, ಅಷ್ಟು ದಿನ ತಂದೆಯ ಬಳಿಯಿದ್ದ ಮಗುವಿನ ಪಾಸ್‌ಬುಕ್ಕು ತಾಯಿಯ ಕೈಗೆ ಬಂತು. ಅದರಲ್ಲಿದ್ದದ್ದು ಅಜ್ಜಿ ಎಮ್ಮೆಯ ಹಾಲು ಮಾರಿ ಕೂಡಿಟ್ಟ ದುಡ್ಡು, ಸೋದರಮಾವ ಹಬ್ಬಹಬ್ಬಕ್ಕೆ ಕೊಟ್ಟ ದುಡ್ಡು. ಖಾತೆ ತೆರೆದ ದಿನ ಗಾರ್ಡಿಯನ್ ಎಂದು ರುಜು ಹಾಕಿದವನು ತಂದೆ. ಕೊನೆಯ ಸಾಲಿನಲ್ಲಿ 11,400 ರೂಪಾಯಿ ತೆಗೆದದ್ದು ಬರೆದಿತ್ತು. ಬ್ಯಾಂಕಿನಿಂದ ತೆಗೆದ ತಾರೀಖು, ಕೋರ್ಟಿಗೆ ಕಟ್ಟಿದ ತಾರೀಖು ಎರಡೂ ಒಂದೇ! ತಂದೆಯ ಜೇಬಿನಿಂದ ಬಂದದ್ದು 600 ರೂಪಾಯಿ ಮಾತ್ರ.

"ಹಂಗಾರೆ ಈ ಎರಡು ತಿಂಗಳು ಅಕ್ಕಿ ತಂದಿದ್ದು ನನ್ನ ಮಗಳ ದುಡ್ಡಿನಾಗೇ ಏನ್ರಿ ಮೇಷ್ಟ್ರೇ?" ಎಂದು ಆ ತಾಯಿ ಕೇಳಿದಳು. ನನ್ನ ಬಳಿ ಉತ್ತರವಿರಲಿಲ್ಲ. ಕೋರ್ಟಿನ ಕಡತದಲ್ಲಿ ಮಾತ್ರ ಬಾಕಿ ತೀರಿಹೋಗಿತ್ತು.

ಜೀವನಾಂಶದ ಹಕ್ಕು ಬಡ ಹೆಂಗಸರಿಗೂ ಮಕ್ಕಳಿಗೂ ಸುಲಭವಾಗಿ ದಕ್ಕಿದ್ದಲ್ಲ. ಬ್ರಿಟಿಷರ 1898ರ ಕಾನೂನಿನಲ್ಲಿ ತಿಂಗಳಿಗೆ 50 ರೂಪಾಯಿ ಮೀರಿ ಕೊಡಿಸುವಂತಿರಲಿಲ್ಲ. 1923ರಲ್ಲಿ ಅದು 100 ಆಯಿತು. 1955ರಲ್ಲಿ 500 ಆಯಿತು. ಆ ಮಿತಿಯನ್ನು ಪೂರ್ತಿಯಾಗಿ ಕಿತ್ತುಹಾಕಲು 2001ರ ತನಕ ಕಾಯಬೇಕಾಯಿತು. 125ನೆಯ ಕಲಮು ಎಂದು ಜನ ಬಾಯಿಪಾಠ ಮಾಡಿಕೊಂಡಿದ್ದ ಈ ಹಕ್ಕು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಕಲಮಿನಲ್ಲಿದೆ. ಕೊಡದಿದ್ದರೆ ಆಸ್ತಿ ಜಪ್ತಿ. ಆಗಲೂ ಬಾಕಿ ಉಳಿದರೆ ತಿಂಗಳ ಬಾಕಿಗೆ ಒಂದು ತಿಂಗಳವರೆಗೆ ಜೈಲು. ಜೈಲಿಗೆ ಹೋಗಿಬಂದ ಮಾತ್ರಕ್ಕೆ ಸಾಲ ತೀರುವುದಿಲ್ಲ ಎಂದೂ ಸುಪ್ರೀಂ ಕೋರ್ಟು ಹೇಳಿದೆ. ಈ ಬಿಗಿ ಇರಲೇಬೇಕು. ಹೆತ್ತ ಮಗುವಿಗೆ ಅನ್ನ ಹಾಕದವನ ಪರವಾಗಿ ಈ ಪತ್ರಿಕೆಯಲ್ಲಿ ಒಂದು ಅಕ್ಷರವನ್ನೂ ನಾನು ಬರೆಯಲಾರೆ.

ಆದರೆ ಒಂದು ಪ್ರಶ್ನೆಯನ್ನು ಕೇಳಲೇಬೇಕು. ವಸೂಲಿಯ ಹಣ ಎಲ್ಲಿಂದ ಬಂತೆಂದು ನೋಡುವವರು ಯಾರು? ಹಣ ಬಂದರೆ ಸಾಕು ಎಂದು ಕಡತ ಮುಚ್ಚಿದರೆ, ಜೈಲಿಗೆ ಹೆದರಿದ ತಂದೆ ಮೊದಲು ಕೈ ಹಾಕುವುದು ತನ್ನ ಬೈಕಿಗಲ್ಲ, ಮೊಬೈಲಿಗಲ್ಲ. ತಡೆಯುವವರಿಲ್ಲದ ಮಗುವಿನ ಖಾತೆಗೆ. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು. ಬ್ಯಾಂಕಿನ ಗುಮಾಸ್ತರನ್ನು ಬೈದು ಫಲವಿಲ್ಲ. ಗಾರ್ಡಿಯನ್ ಬಂದು, ಮಗುವಿನ ಸಲುವಾಗಿ ಎಂದು ರುಜು ಹಾಕಿದರೆ ಅವರು ಹಣ ಕೊಡುತ್ತಾರೆ.

ಇಲ್ಲಿ ಕಾನೂನಿನ ಪಕ್ಷಪಾತವನ್ನು ಗಮನಿಸಿ. 1956ರ ಹಿಂದೂ ಅಪ್ರಾಪ್ತ ವಯಸ್ಕರ ಕಾನೂನಿನ 8ನೆಯ ಕಲಮಿನ ಪ್ರಕಾರ, ಮಗುವಿನ ಹೆಸರಿನ ಜಮೀನನ್ನೋ ಮನೆಯನ್ನೋ ತಂದೆ ಮಾರಬೇಕಾದರೆ ಮೊದಲು ಕೋರ್ಟಿನ ಅಪ್ಪಣೆ ಪಡೆಯಬೇಕು. ಬಹಳ ಒಳ್ಳೆಯದು. ಆದರೆ ಗಿರಣಿ ಕಾರ್ಮಿಕನ ಮಗುವಿಗೆ ಜಮೀನೆಲ್ಲಿದೆ? ಬೀದಿಯಲ್ಲಿ ಬಳೆ ಮಾರುವವಳ ಮಗನಿಗೆ ಮಹಡಿ ಮನೆಯೆಲ್ಲಿದೆ? ಇವರಿಗಿರುವುದು ಒಂದು ಪಾಸ್‌ಬುಕ್ಕು. ಪಾಸ್‌ಬುಕ್ಕನ್ನು ಬರಿದು ಮಾಡಲು ಆ ಕಲಮು ಯಾವ ಅಪ್ಪಣೆಯನ್ನೂ ಕೇಳುವುದಿಲ್ಲ. ಉಳ್ಳವರ ಮಗುವಿನ ಸ್ಥಿರಾಸ್ತಿಗೆ ಕೋರ್ಟಿನ ಕಾವಲು. ಇಲ್ಲದವರ ಮಗುವಿನ ಉಳಿತಾಯಕ್ಕೆ ಗಾರ್ಡಿಯನ್ನನ ಮನಸ್ಸಾಕ್ಷಿಯೊಂದೇ ಕಾವಲು!

ಇನ್ನು ಜಪ್ತಿಯ ಮಾತು. 1908ರ ಸಿವಿಲ್ ಸಂಹಿತೆಯ 60ನೆಯ ಕಲಮಿನಲ್ಲಿ ಯಾವ ಯಾವುದನ್ನು ಜಪ್ತಿ ಮಾಡಕೂಡದೆಂಬ ಪಟ್ಟಿಯಿದೆ. ಉಡುವ ಬಟ್ಟೆ, ಅಡಿಗೆಯ ಪಾತ್ರೆ, ಕುಶಲಕರ್ಮಿಯ ಉಪಕರಣ, ಪ್ರಾವಿಡೆಂಟ್ ಫಂಡು ಅದರಲ್ಲಿವೆ. ಮಗುವಿನ ಉಳಿತಾಯ ಮಾತ್ರ ಹೆಸರು ಹಿಡಿದು ಬರುವುದಿಲ್ಲ. ಮಗುವಿನದು ತಂದೆಯದಲ್ಲ, ಆದ್ದರಿಂದ ಹೇಳುವ ಅಗತ್ಯವಿಲ್ಲ ಎಂಬುದು ವಕೀಲರ ಸಮಾಧಾನ. ಆದರೆ ಅದೇ ಕಲಮು, ಬೇರೆಯವರ ಹೆಸರಿನಲ್ಲಿದ್ದರೂ ಸಾಲಗಾರ ತನ್ನ ಲಾಭಕ್ಕಾಗಿ ಬಳಸಬಲ್ಲ ಆಸ್ತಿಯನ್ನು ಜಪ್ತಿ ಮಾಡಬಹುದು ಎನ್ನುತ್ತದೆ. ತಂದೆಯ ರುಜುವಿನಿಂದ ನಡೆಯುವ ಖಾತೆ ಯಾರದು? ತಪ್ಪು ಜಪ್ತಿಯಾದರೆ 21ನೆಯ ಆದೇಶದ 58ನೆಯ ನಿಯಮದಂತೆ ತಕರಾರು ಸಲ್ಲಿಸಬಹುದು. ಸಲ್ಲಿಸಬೇಕಾದವರು ಮಗುವಿನ ಕಡೆಯವರು. ಹತ್ತು ಸಾವಿರ ಉಳಿಸಿಕೊಳ್ಳಲು ವಕೀಲರಿಗೆಷ್ಟು, ಹೋಗಿಬರುವ ಬಸ್ ಚಾರ್ಜಿಗೆಷ್ಟು, ಕಳೆದುಹೋದ ಕೂಲಿಗೆಷ್ಟು?

ವ್ಯಾಪಾರಿ ಮಿತ್ರರಿಗೆ ಒಂದು ಕಹಿಮಾತು ಹೇಳಬೇಕಾಗಿದೆ. ಜೀವನಾಂಶದ ಕೇಸು ಬಿದ್ದ ಕೂಡಲೇ ಅಂಗಡಿಯ ಲಾಭವನ್ನು ಮಗುವಿನ ಹೆಸರಿಗೆ ತಿರುಗಿಸುವವರು ನಮ್ಮಲ್ಲಿದ್ದಾರೆ. ಅದನ್ನು ಜಾಣತನವೆಂದು ಮೀಸೆ ತಿರುವುವವರೂ ಇದ್ದಾರೆ. ಅದು ಮಗುವಿನ ಬೆನ್ನ ಹಿಂದೆ ಅಡಗುವ ಹೇಡಿತನ. ನಿಮ್ಮ ಕಳ್ಳಗಂಟು ಸೇರಿದ ಖಾತೆಯಲ್ಲಿ ಮಗುವಿನ ನಿಜವಾದ ಗಂಟೂ ಅನುಮಾನಕ್ಕೆ ಗುರಿಯಾಗುತ್ತದೆ. 2020ರ ರಜನೀಶ್ ವಿರುದ್ಧ ನೇಹಾ ತೀರ್ಪಿನಿಂದೀಚೆಗೆ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲಗಳ ಪ್ರಮಾಣಪತ್ರ ಕೊಡಬೇಕು. ಜೀವನಾಂಶವೂ ಅರ್ಜಿಯ ದಿನದಿಂದಲೇ ಲೆಕ್ಕಕ್ಕೆ ಬರುತ್ತದೆ.

ತಂದೆಯಲ್ಲದೆ ಗಾರ್ಡಿಯನ್ ಆಗುವವರು ಇನ್ನಾರು ಎಂದು ಕೆಲವರು ಕೇಳುತ್ತಾರೆ. 1984ರಲ್ಲಿ ಲೇಖಕಿ ಗೀತಾ ಹರಿಹರನ್ ಮಗನ ಹೆಸರಿನಲ್ಲಿ ರಿಲೀಫ್ ಬಾಂಡು ಕೊಳ್ಳಲು ಹೋದಾಗ ರಿಸರ್ವ್ ಬ್ಯಾಂಕು ತಂದೆಯ ರುಜು ಕೇಳಿತು. ಅವರು ಸುಪ್ರೀಂ ಕೋರ್ಟಿಗೆ ಹೋದರು. 1956ರ ಕಾನೂನಿನಲ್ಲಿ ತಂದೆಯ "ನಂತರ" ತಾಯಿ ಎಂದಿರುವುದಕ್ಕೆ ತಂದೆ ಸತ್ತ ಮೇಲೆ ಎಂದಷ್ಟೇ ಅರ್ಥವಲ್ಲ, ಮಗುವಿನ ಹೊಣೆಯನ್ನು ತಂದೆ ಹೊರದಿರುವಾಗಲೂ ತಾಯಿಯೇ ಪಾಲಕಳು ಎಂದು 1999ರಲ್ಲಿ ತೀರ್ಪು ಬಂತು. 2025ರ ಏಪ್ರಿಲ್ 21ರ ರಿಸರ್ವ್ ಬ್ಯಾಂಕಿನ ಸುತ್ತೋಲೆಯಂತೆ, ತಾಯಿಯೇ ಗಾರ್ಡಿಯನ್ ಆಗಿ ಮಗುವಿನ ಖಾತೆ ತೆರೆಯಬಹುದು. ಹತ್ತು ವರ್ಷ ತುಂಬಿದ ಮಕ್ಕಳಿಗೆ ತಾವೇ ಖಾತೆ ತೆರೆದು ನಡೆಸಲು, ತಾವು ಗೊತ್ತುಮಾಡಿದ ಮಿತಿಯೊಳಗೆ, ಬ್ಯಾಂಕುಗಳು ಅವಕಾಶ ಕೊಡಬಹುದು. ದಾರಿ ಇದೆ, ದಾರಿ ಇದೆಯೆಂದು ಹೊಲಿಗೆಯವಳಿಗೆ, ಕೂಲಿಯವಳಿಗೆ ಹೇಳುವವರಿಲ್ಲ.

ಆದ್ದರಿಂದ ನಮ್ಮ ಬೇಡಿಕೆಗಳು ಇವು. ಒಂದು, ಜೀವನಾಂಶದ ಆಜ್ಞೆ ಮಾಡುವಾಗಲೇ ಕೋರ್ಟು ಮಗುವಿನ ಖಾತೆಗಳನ್ನು ಬರೆದುಕೊಳ್ಳಲಿ. ಮಗು ಯಾರ ಬಳಿಯಿದೆಯೋ ಅವರೇ ಆ ಖಾತೆಯ ಗಾರ್ಡಿಯನ್ ಆಗಲಿ. ಎರಡು, ಬಾಕಿದಾರನು ಕೋರ್ಟಿನ ಅಪ್ಪಣೆಯಿಲ್ಲದೆ ಮಗುವಿನ ಖಾತೆಯಿಂದ ಒಂದು ಪೈಸೆಯನ್ನೂ ತೆಗೆಯಕೂಡದು. ತೆಗೆದು ಕಟ್ಟಿದರೆ ಅದನ್ನು ಸಂದಾಯವೆಂದು ಎಣಿಸಕೂಡದು. ಮೂರು, ಮಗುವಿನ ಖಾತೆ ತಂದೆಯದೆಂದು ಹೇಳುವವರೇ ಅದನ್ನು ಸಾಬೀತು ಮಾಡಲಿ. ಆ ಭಾರವನ್ನು ಮಗುವಿನ ತಲೆಯ ಮೇಲೆ ಹೊರಿಸಬೇಡಿ. ನಾಲ್ಕು, ಸಂಬಳ ಇರುವವನಿಂದ ಸಂಬಳದಲ್ಲಿಯೇ, ಮಾಲೀಕರ ಮೂಲಕ, ತಿಂಗಳು ತಿಂಗಳು ಮುರಿದುಕೊಳ್ಳಲಿ. ಬಾಕಿ ಬೆಳೆಯದಿದ್ದರೆ ವಾರಂಟಿನ ಭಯವೂ ಇಲ್ಲ, ಮಗುವಿನ ಗಂಟಿನ ಮೇಲೆ ಕಣ್ಣೂ ಇಲ್ಲ.

ಕಾನೂನು ಬದಲಾಗುವ ತನಕ ಕೈಕಟ್ಟಿ ಕೂರಬೇಕಾಗಿಲ್ಲ. ತಾಯಂದಿರೇ, ಮಗುವಿನ ಪಾಸ್‌ಬುಕ್ಕಿನಲ್ಲಿ ಗಾರ್ಡಿಯನ್ ಎಂದು ಯಾರ ಹೆಸರಿದೆಯೆಂದು ಇವತ್ತೇ ನೋಡಿ. ಹೊಸ ಉಳಿತಾಯವನ್ನು ನಿಮ್ಮ ಹೆಸರು ಗಾರ್ಡಿಯನ್ ಆಗಿರುವ ಖಾತೆಯಲ್ಲೇ ಇಡಿ. ಅಜ್ಜಿ ಕೊಟ್ಟದ್ದು, ಮಾವ ಕೊಟ್ಟದ್ದು ಎಂದು ಚೀಟಿ ಬರೆದಿಡಿ. ಜೀವನಾಂಶದ ಬಾಕಿಯ ವಸೂಲಿಗೆ ಒಂದು ವರ್ಷದೊಳಗೆ ಅರ್ಜಿ ಹಾಕಬೇಕೆಂಬುದನ್ನು ಮರೆಯಬೇಡಿ. ಯೂನಿಯನ್ನಿನ ಗೆಳೆಯರೇ, ಬೋನಸ್ಸಿನ ಲೆಕ್ಕ ನೋಡುವ ನಾವು, ನಮ್ಮ ಪಕ್ಕದ ಮಗ್ಗದವನು ಮಗುವಿಗೆ ಕೊಡಬೇಕಾದದ್ದನ್ನು ಕೊಟ್ಟನೇ ಎಂದೂ ಕೇಳಬೇಕು. ಅದು ಮನೆಯ ವಿಷಯ ಎಂದು ಮುಖ ತಿರುಗಿಸುವುದು ಕಾರ್ಮಿಕ ಧರ್ಮವಲ್ಲ.

ಆ ಹುಡುಗಿಯ 11,400 ರೂಪಾಯಿ ಈ ತನಕ ಹಿಂದಕ್ಕೆ ಬಂದಿಲ್ಲ. ಅದು ಹೈಸ್ಕೂಲಿಗೆ ಹೋಗಿಬರಲು ಸೈಕಲ್ಲಿಗೆಂದು ಇಟ್ಟ ಹಣ. ಅವಳು ಮೂರು ವರ್ಷ ನಡೆದೇ ಹೋದಳು.